ಕೊಲ್ಹಾರ ದಾಟಿದ ಮೇಲೆ ದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರ್: ಡ್ಯಾಶ್‌ಕ್ಯಾಮ್ ಕಡ್ಡಾಯ ಮಾಡಬಾರದೇಕೆ?

ನವನಗರದ ಕಾರು (ಬಾಗಲಕೋಟೆ): ವಿಜಯಪುರದಲ್ಲಿ ತಂಗಿಯ ಕುಬಸ ಮುಗಿಸಿ ಹೊರಡುವಷ್ಟರಲ್ಲಿ ರಾತ್ರಿ ಒಂಬತ್ತೂವರೆ. 13ನೇ ಹೆದ್ದಾರಿಯಲ್ಲಿ ಕೊಲ್ಹಾರದ ಸೇತುವೆ ದಾಟಿ ಐದು ನಿಮಿಷವೂ ಆಗಿರಲಿಲ್ಲ, ರಸ್ತೆಯಲ್ಲಿ ಕಪ್ಪು ಗೋಡೆಯೊಂದು ಎದ್ದು ನಿಂತಂತಾಯಿತು. ಎರಡು ಟ್ರೇಲರ್ ತುಂಬ ಕಬ್ಬು. ಹಿಂದೆ ಕೆಂಪು ದೀಪವಿಲ್ಲ, ರಿಫ್ಲೆಕ್ಟರ್ ಮೇಲೆ ಸೋಗೆ ಜೋತು ಬಿದ್ದಿದೆ. ಬ್ರೇಕ್ ತುಳಿದ ರಭಸಕ್ಕೆ ಹಿಂದಿನ ಸೀಟಿನ ಮೇಲಿದ್ದ ಹೋಳಿಗೆಯ ಡಬ್ಬಿ ಮುಂದೆ ಬಂದು ಬಿತ್ತು. ಗಾಜಿಗೆ ಅಂಟಿಸಿದ ಡ್ಯಾಶ್‌ಕ್ಯಾಮ್ ಕ್ಯಾಮೆರಾದ 31 ಸೆಕೆಂಡಿನ ವಿಡಿಯೊ ಹಾಕಿದ್ದೇನೆ, ನೋಡಿ. ರಷ್ಯಾದಲ್ಲಿ ಡ್ಯಾಶ್‌ಕ್ಯಾಮ್ ಇಲ್ಲದ ಕಾರು ಹುಡುಕಬೇಕು. 2013ರ ಫೆಬ್ರುವರಿಯಲ್ಲಿ ಚೆಲ್ಯಾಬಿನ್ಸ್ಕ್ ಮೇಲೆ ಉಲ್ಕೆ ಸಿಡಿದಾಗ ಜಗತ್ತು ನೋಡಿದ್ದೇ ಕಾರುಗಳ ಕ್ಯಾಮೆರಾದಿಂದ. ನಮ್ಮಲ್ಲೂ ಕಡ್ಡಾಯ ಮಾಡಿದರೆ ಇಂಥವರು ನೆಟ್ಟಗಾಗುತ್ತಾರೆ.

ಕಬ್ಬಿನ ಮನೆ (ಮುಧೋಳ): ಕಪ್ಪು ಗೋಡೆಯಲ್ಲ ಸಾಹೇಬರೇ, ನಿಮ್ಮ ಹೋಳಿಗೆಯ ಸಿಹಿ ಅಲ್ಲಿಂದಲೇ ಬರುವುದು. ಹಂಗಾಮು ಶುರುವಾದಾಗ ಪೊಲೀಸರು ಟ್ರೇಲರಿಗೆ ಕೆಂಪು ಪಟ್ಟಿ ಅಂಟಿಸಿ ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ಎರಡು ತಿಂಗಳು ಕಬ್ಬು ಏರಿಸಿ ಇಳಿಸಿದ ಮೇಲೆ ಆ ಪಟ್ಟಿ ಉಳಿದೀತೇ? ಕಾರ್ಖಾನೆಯ ಸರದಿಯಲ್ಲಿ ರಾತ್ರಿಯಿಡೀ ನಿಂತವನಿಗೆ ನಿದ್ದೆಯೂ ಇರುವುದಿಲ್ಲ. ಅದಿರಲಿ, ನಿಮ್ಮ ವಿಡಿಯೊದ ಬಲಗಡೆಯ ಮೂಲೆಯಲ್ಲಿ 92 ಎಂದು ಕಾಣುತ್ತದೆಯಲ್ಲ, ಅದು ಏನು, ನಿಮ್ಮ ತೂಕವೇ?

ಗುಮ್ಮಟದ ನೆರಳು (ವಿಜಯಪುರ): ಕೊಲ್ಹಾರ 13ನೇ ಹೆದ್ದಾರಿಯಲ್ಲಿ ಎಂದಿನಿಂದ ಇದೆ? ಅದು 52. ಊರ ಪಕ್ಕದ ರಸ್ತೆಯೇ ಗೊತ್ತಿಲ್ಲದವರು ರಷ್ಯಾದ ಮಾತು ಆಡಬಾರದು.

ನವನಗರದ ಕಾರು: ಊರ ಪಕ್ಕದ ರಸ್ತೆ ಗೊತ್ತಿಲ್ಲವೇ? ಸೊಲ್ಲಾಪುರದಿಂದ ವಿಜಯಪುರಕ್ಕೆ ಬರುವ ರಸ್ತೆ ಹಳೆಯ 13, ಈಗಿನ 52. ಅದೇ 52 ಮುಂದೆ ಕೊಲ್ಹಾರಕ್ಕೆ ಬರುತ್ತದೆ. ಹಾಗಾದರೆ 13 ಅಂದರೆ ಏನು ತಪ್ಪು? ನಮ್ಮ ತಂದೆಯವರು ಮೂವತ್ತು ವರ್ಷ ಹಾಗೇ ಕರೆದರು.

ಗುಮ್ಮಟದ ನೆರಳು: ತಂದೆಯವರು ಕರೆದದ್ದು ಗೌರವದ ಮಾತು, ಆದರೆ ತಪ್ಪು ತಪ್ಪೇ. ಹಳೆಯ 13 ವಿಜಯಪುರಕ್ಕೆ ಬಂದು ನಿಡಗುಂದಿ, ಹುನಗುಂದ, ಇಳಕಲ್ ಮೇಲೆ ಹೊಸಪೇಟೆಗೆ ಹೋಗುತ್ತಿತ್ತು. ಅದು ಈಗ 50. ಕೊಲ್ಹಾರ, ಗದ್ದನಕೇರಿ ಕ್ರಾಸ್, ಕೆರೂರು ಮೇಲೆ ಹುಬ್ಬಳ್ಳಿಗೆ ಹೋಗುವುದು ಹಳೆಯ 218. 2010ರಲ್ಲಿ ಸಂಖ್ಯೆ ಬದಲಾದಾಗ 13ರ ಒಂದು ತುಂಡು, 218ರ ಒಂದು ತುಂಡು ಕೂಡಿಸಿ 52 ಮಾಡಿದರು. ಕೊಲ್ಹಾರ ಯಾವ ಕಾಲಕ್ಕೂ 13ರಲ್ಲಿ ಇರಲಿಲ್ಲ.

ವಕೀಲರ ಅಂಗಳ (ಬಾಗಲಕೋಟೆ): ಸಂಖ್ಯೆಯ ಜಗಳ ಆಮೇಲೆ. "ನೆಟ್ಟಗಾಗುತ್ತಾರೆ" ಎಂದಿದ್ದೀರಿ, ಹೇಗೆ? ವಿಡಿಯೊವನ್ನು ನ್ಯಾಯಾಲಯಕ್ಕೆ ಕೊಡಬೇಕೆಂದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು. 2024ರ ಜುಲೈ 1ರಿಂದ ಅದರಲ್ಲಿ ಎರಡು ಭಾಗ, ಒಂದಕ್ಕೆ ನಿಮ್ಮ ಸಹಿ, ಇನ್ನೊಂದಕ್ಕೆ ತಜ್ಞರ ಸಹಿ, ಜೊತೆಗೆ ಕಡತವನ್ನು ತಿದ್ದಿಲ್ಲ ಎಂದು ತೋರಿಸುವ ಗುರುತಿನ ಸಂಖ್ಯೆ, ಅಂದರೆ ಹ್ಯಾಶ್ ಮೌಲ್ಯ. ನಮ್ಮ ಕಕ್ಷಿದಾರರೊಬ್ಬರ ಕಾರಿಗೆ ಟಂಟಂ ಗುದ್ದಿತ್ತು. ಕ್ಯಾಮೆರಾ ಇದೆ ಎಂಬ ಧೈರ್ಯದಲ್ಲಿ ಎರಡು ದಿನ ಅದೇ ಕಾರಿನಲ್ಲಿ ಊರೂರು ತಿರುಗಿ ನನ್ನಲ್ಲಿಗೆ ಬಂದರು. ಕಾರ್ಡ್ ತುಂಬಿದಂತೆ ಹಳೆಯದನ್ನು ಅಳಿಸಿ ಹೊಸದನ್ನು ಬರೆಯುತ್ತಾ ಹೋಗುವ ಯಂತ್ರ ಅದು. ಟಂಟಂ ಹೋಗಿ, ಅವರ ಮನೆಯ ಮುಂದೆ ಮಲಗಿದ್ದ ಎಮ್ಮೆ ಉಳಿದಿತ್ತು.

ನವನಗರದ ಕಾರು: ವಕೀಲರೇ, ಮೂಲ ಉಪಕರಣವನ್ನೇ ಮಾಲೀಕ ತಂದು ಸಾಕ್ಷಿ ನುಡಿದರೆ ಪ್ರಮಾಣಪತ್ರ ಬೇಡ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಾನೂ ಓದುತ್ತೇನೆ. ಎಮ್ಮೆಯ ಕತೆ ಹೇಳಿ ದಾರಿ ತಪ್ಪಿಸಬೇಡಿ.

ವಕೀಲರ ಅಂಗಳ: ಅದು ಹಳೆಯ ಕಾನೂನಿನ 65ಬಿ ಕಲಮಿನ ಮೇಲಿನ ತೀರ್ಪು. ತರುವುದಾದರೆ ತನ್ನಿ, ಸ್ವಾಗತ. ಎದುರು ಪಕ್ಷದ ವಕೀಲರು ಮೊದಲು ಕೇಳುವ ಪ್ರಶ್ನೆಯೇ 92.

ತಿಲಕವಾಡಿಯಿಂದ ಮ್ಯೂನಿಕ್‌ಗೆ: ಬೆಳಗಾವಿ ಬಿಟ್ಟು ಏಳು ವರ್ಷವಾಯಿತು, ಆದರೂ ಹೇಳುತ್ತೇನೆ. ಇಲ್ಲಿ ಕ್ಯಾಮೆರಾ ಬಿಡದೆ ಓಡಿಸಿದರೆ ಅದು ದಾರಿಹೋಕರ ಖಾಸಗಿತನಕ್ಕೆ ಧಕ್ಕೆ ಎಂಬ ವಾದವಿದೆ. 2018ರ ಮೇ ತಿಂಗಳಲ್ಲಿ ಜರ್ಮನಿಯ ಫೆಡರಲ್ ಸರ್ವೋಚ್ಚ ನ್ಯಾಯಾಲಯ ವಿಚಿತ್ರ ತೀರ್ಪು ಕೊಟ್ಟಿತು. ಹಾಗೆ ಚಿತ್ರಿಸುವುದು ಡೇಟಾ ರಕ್ಷಣೆಯ ಕಾನೂನಿಗೆ ವಿರುದ್ಧ, ಆದರೂ ಅಪಘಾತದ ಸಿವಿಲ್ ದಾವೆಯಲ್ಲಿ ಆ ಚಿತ್ರವನ್ನು ನೋಡಬಹುದು ಎಂದಿತು. ಪಕ್ಕದ ಆಸ್ಟ್ರಿಯಾದಲ್ಲಿ ಇನ್ನೂ ಬಿಗಿ. ರಷ್ಯಾದವರು ಕ್ಯಾಮೆರಾ ಹಾಕಿಕೊಂಡದ್ದು ರಸ್ತೆ ಸುಧಾರಿಸಲೆಂದಲ್ಲ. ವಿಮೆಯ ಹಣಕ್ಕೆ ಬೇಕೆಂದೇ ಕಾರಿಗೆ ಅಡ್ಡ ಬೀಳುವವರ ಕಾಟ, ಲಂಚ ಕೇಳುವ ಪೊಲೀಸರ ಕಾಟ. ಇತ್ತ ಇಲ್ಲಿಯ ಹೆದ್ದಾರಿ ಆಟೋಬಾನ್‌ನಲ್ಲಿ ಬಹಳ ಕಡೆ ವೇಗದ ಮಿತಿಯೇ ಇಲ್ಲ, 130 ಬರೀ ಸಲಹೆ.

ನವನಗರದ ಕಾರು: ಕೇಳಿದಿರಾ ಮುಧೋಳದವರೇ? ವೇಗದ ಮಿತಿಯೇ ಇಲ್ಲ! ಅಲ್ಲಿ 130, ನಾನು ಬರೀ 92.

ತಿಲಕವಾಡಿಯಿಂದ ಮ್ಯೂನಿಕ್‌ಗೆ: ಗಂಟೆಗೆ 60 ಕಿಲೋಮೀಟರಿಗಿಂತ ಹೆಚ್ಚು ಓಡಲಾರದ ವಾಹನಕ್ಕೆ ಆಟೋಬಾನ್‌ನಲ್ಲಿ ಪ್ರವೇಶವೇ ಇಲ್ಲ ಎಂದು ಬರೆಯಬೇಕಿತ್ತು, ಬಿಟ್ಟೆ. ಟ್ರ್ಯಾಕ್ಟರ್, ಚಕ್ಕಡಿ, ಶ್ರೀಶೈಲಕ್ಕೆ ನಡೆದುಹೋಗುವ ಪಾದಯಾತ್ರಿ, ಯಾರೂ ಅಲ್ಲಿ ಇರುವುದಿಲ್ಲ.

ಕಬ್ಬಿನ ಮನೆ: ಅಂದರೆ ನಾವು ರಸ್ತೆಗೆ ಬರಬಾರದು ಎಂದಾಯಿತು! ಮ್ಯೂನಿಕ್‌ನಲ್ಲಿ ಕುಳಿತು ರೈತನಿಗೆ ರಸ್ತೆ ಬಂದ್ ಮಾಡುವವರು ಒಬ್ಬರು ಬಾಕಿ ಇದ್ದರು. ಹೊಲದಿಂದ ಕಾರ್ಖಾನೆಗೆ ಕಬ್ಬು ಹೆಲಿಕಾಪ್ಟರಿನಲ್ಲಿ ಒಯ್ಯಲೇ?

ತಿಲಕವಾಡಿಯಿಂದ ಮ್ಯೂನಿಕ್‌ಗೆ: ನಾನು ಹಾಗೆ ಹೇಳಲಿಲ್ಲ ಅಣ್ಣಾ.

ಕಬ್ಬಿನ ಮನೆ: ಹೇಳಿದಿರಿ. ಮೇಲೆಯೇ ಇದೆ.

ಇಳಕಲ್ಲಿನ ಟೀಚರ್: ನಾನು ಸ್ಕೂಟರಿನಲ್ಲಿ ಶಾಲೆಗೆ ಹೋಗುವವಳು. 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತಕ್ಕೆ 1,68,491 ಜನ ಸತ್ತರು ಎಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿಯಲ್ಲಿದೆ. ಅವರಲ್ಲಿ ನೂರಕ್ಕೆ 44 ಜನ ದ್ವಿಚಕ್ರದವರು, ಹೆಚ್ಚು ಕಡಿಮೆ 19 ಜನ ಕಾಲ್ನಡಿಗೆಯವರು. ನಮ್ಮ ಹೆಲ್ಮೆಟ್ಟಿಗೆ ಕ್ಯಾಮೆರಾ ಯಾರು ಕಟ್ಟುತ್ತಾರೆ? ಸ್ವೀಡನ್‌ನವರು 1997ರಲ್ಲಿ ರಸ್ತೆಯಲ್ಲಿ ಸಾವೇ ಆಗಬಾರದು ಎಂಬ ನೀತಿ ತಂದು ಮಾಡಿದ್ದು ಏನು? ಎದುರುಬದುರು ಬರುವ ವಾಹನಗಳ ನಡುವೆ ಉಕ್ಕಿನ ಹಗ್ಗ ಎಳೆದರು, ಊರೊಳಗೆ ವೇಗ ಇಳಿಸಿದರು. ಚಾಲಕ ತಪ್ಪು ಮಾಡಿಯೇ ಮಾಡುತ್ತಾನೆ ಎಂದು ತಿಳಿದು ರಸ್ತೆ ಕಟ್ಟಿದರು.

ಗುಮ್ಮಟದ ನೆರಳು: ಸ್ವೀಡನ್ ಮಾತು ಬಂದದ್ದಕ್ಕೆ ಹೇಳುತ್ತೇನೆ. 1967ರ ಸೆಪ್ಟೆಂಬರ್ 3ರ ಬೆಳಗಿನ ಐದು ಗಂಟೆಗೆ ಆ ದೇಶ ಪೂರ್ತಿ ಎಡಗಡೆಯಿಂದ ಬಲಗಡೆಗೆ ಸರಿಯಿತು. ಒಂದೇ ದಿನದಲ್ಲಿ ಅಷ್ಟು ಜನ ಪಕ್ಕವನ್ನೇ ಬದಲಿಸಿಕೊಂಡರು. ನಮ್ಮಲ್ಲಿ ಒಬ್ಬ ಮನುಷ್ಯ ಇಷ್ಟು ವರ್ಷವಾದರೂ 218 ಹೋಗಿ 52 ಬಂದದ್ದನ್ನು ಒಪ್ಪುವುದಿಲ್ಲ.

ನವನಗರದ ಕಾರು: ನಿಮಗೆ ಬೇರೆ ಕೆಲಸವಿಲ್ಲವೇ? ನಾನು ಜೀವ ಉಳಿದದ್ದರ ಮಾತು ಆಡುತ್ತಿದ್ದೇನೆ, ನೀವು ಕಲ್ಲಿನ ಮೇಲಿನ ಅಂಕಿ ಓದುತ್ತಿದ್ದೀರಿ. ಜನ 13 ಅಂದರೆ 13. ಊರಿಗೆ ವಿಜಯಪುರ ಎಂದು ಹೆಸರಾಗಿ ಎಷ್ಟೋ ವರ್ಷವಾದರೂ ಇವತ್ತಿಗೂ ಬಿಜಾಪುರ ಎನ್ನುವವರಿಲ್ಲವೇ?

ಗುಮ್ಮಟದ ನೆರಳು: ಬಿಜಾಪುರ ಎಂದರೆ ವಿಜಯಪುರವೇ ಸಿಗುತ್ತದೆ. 13 ಎಂದರೆ ನಿಡಗುಂದಿ ಸಿಗುತ್ತದೆ. ಕಲ್ಲಿನ ಅಂಕಿ ಏಕೆ ಬೇಕು ಗೊತ್ತೇ? ಹೆದ್ದಾರಿಯ ಸಹಾಯವಾಣಿ 1033ಕ್ಕೆ ಫೋನ್ ಮಾಡಿದರೆ ಅವರು ಕೇಳುವುದೇ ಹೆದ್ದಾರಿಯ ಸಂಖ್ಯೆ, ಕಿಲೋಮೀಟರ್ ಕಲ್ಲು. ನಿಮ್ಮಂಥವರು ಬೇರೆ ಸಂಖ್ಯೆ ಹೇಳಿದರೆ ಆಂಬುಲೆನ್ಸ್ ಆಲಮಟ್ಟಿಯ ಕಡೆ ಹೋಗುತ್ತದೆ, ಗಾಯಾಳು ಬೀಳಗಿ ಕ್ರಾಸಿನಲ್ಲಿ ಬಿದ್ದಿರುತ್ತಾನೆ.

ನವನಗರದ ಕಾರು: "ನಿಮ್ಮಂಥವರು" ಎಂದರೆ ಏನರ್ಥ? ನಾಲಿಗೆ ಬಿಗಿ ಹಿಡಿದು ಮಾತನಾಡಿ.

ಗುಮ್ಮಟದ ನೆರಳು: ಸಂಖ್ಯೆ ಬಿಗಿ ಹಿಡಿದು ಹೇಳಿ.

ವಕೀಲರ ಅಂಗಳ: ಇಬ್ಬರೂ ಸ್ವಲ್ಪ ನೀರು ಕುಡಿಯಿರಿ. ಟೀಚರ್ ಅಕ್ಕನವರ ಅಂಕಿಗೆ ಒಂದು ಸೇರಿಸಿ. ಅದೇ ವರದಿಯ ಪ್ರಕಾರ ನೂರರಲ್ಲಿ 71 ಸಾವಿಗೆ ಕಾರಣ ಅತಿವೇಗ.

ನವನಗರದ ಕಾರು: ಪೊಲೀಸರು ಕಾರಣದ ಕಾಲಮಿನಲ್ಲಿ ಅತಿವೇಗ ಎಂದು ಬರೆದು ಕೈ ತೊಳೆದುಕೊಳ್ಳುತ್ತಾರೆ. ದೀಪವಿಲ್ಲದ ಟ್ರೇಲರಿಗೆ ಗುದ್ದಿ ಸತ್ತವನೂ ಅದೇ ಲೆಕ್ಕಕ್ಕೆ ಸೇರುತ್ತಾನೆ. ಇನ್ನು ನನ್ನ ವಿಡಿಯೊದ ಸಂಖ್ಯೆ ಜಿಪಿಎಸ್‌ನದು, ಅದು ನಾಲ್ಕೈದು ಹೆಚ್ಚೇ ತೋರಿಸುತ್ತದೆ.

ಲಾರಿ ಕಾಕಾ (ನಿಪ್ಪಾಣಿ): ತಮ್ಮಾ, ತಿರುಗಾಮುರುಗಾ ಹೇಳುತ್ತಿದ್ದೀ. ಹೆಚ್ಚು ತೋರಿಸುವುದು ಗಾಡಿಯ ಮೀಟರ್, ಜಿಪಿಎಸ್ ಅಲ್ಲ. ನಿನ್ನ ಮೀಟರಿನಲ್ಲಿ ಆಗ 95 ದಾಟಿರಬೇಕು. ಇಪ್ಪತ್ತಾರು ವರ್ಷ ಪುಣೆ–ಬೆಂಗಳೂರು ಓಡಿಸಿದ್ದೇನೆ. 92ಕ್ಕೆ ಗಾಡಿ ಸೆಕೆಂಡಿಗೆ 25 ಮೀಟರ್ ಹೋಗುತ್ತದೆ. ಡಿಪ್ಪರ್ ಕೊಟ್ಟಾಗ ದೀಪ ತೋರಿಸುವುದು ಐವತ್ತು ಮೀಟರಿನಷ್ಟು. ಕಣ್ಣು ಕಂಡು ಕಾಲು ಬ್ರೇಕಿಗೆ ಬರುವುದರೊಳಗೆ ಅರ್ಧ ಹೋಗಿರುತ್ತದೆ. ಕಬ್ಬಿನವನದೂ ತಪ್ಪು. ಐನೂರು ರೂಪಾಯಿಯ ಕೆಂಪು ದೀಪ ಟ್ರೇಲರಿನ ಬಾಲಕ್ಕೆ ಕಟ್ಟಲಾರದವನು ಮುಂದೆ ಹಾಡಿಗೆ ನಾಲ್ಕು ಸ್ಪೀಕರ್ ಕಟ್ಟಿರುತ್ತಾನೆ.

ಕಬ್ಬಿನ ಮನೆ: ಹಾಡು ಇಲ್ಲದಿದ್ದರೆ ನಿದ್ದೆ ಬರುತ್ತದೆ ಕಾಕಾ. ಸ್ಪೀಕರಿನ ಮೇಲೇಕೆ ಸಿಟ್ಟು?

ಇಳಕಲ್ಲಿನ ಟೀಚರ್: ಕೆಂಪು ದೀಪದ ಮಾತಿಗೆ ಉತ್ತರ ಬರಲಿಲ್ಲ.

ಬಿಸಿಲೂರಿನವ (ವಿಜಯಪುರ): ಯಾರಾದರೂ ಕ್ಯಾಮೆರಾ ಕೊಳ್ಳುವುದಿದ್ದರೆ ಒಂದು ಮಾತು. ಬ್ಯಾಟರಿ ಇರುವುದನ್ನು ತೆಗೆದುಕೊಳ್ಳಬೇಡಿ, ಸೂಪರ್ ಕೆಪಾಸಿಟರ್ ಇರುವುದನ್ನು ನೋಡಿ. ಏಪ್ರಿಲ್‌ನಲ್ಲಿ ಗಾಂಧಿ ಚೌಕದ ಹತ್ತಿರ ಎರಡು ತಾಸು ಕಾರು ನಿಲ್ಲಿಸಿದ್ದೆ. ಗಾಜಿಗೆ ಅಂಟಿದ್ದ ಕ್ಯಾಮೆರಾ ಪೂರಿಯಂತೆ ಉಬ್ಬಿತ್ತು. ರಾತ್ರಿ ಎದುರಿನ ದೀಪ ಬಿದ್ದರೆ ನಂಬರ್ ಪ್ಲೇಟ್ ಯಾವುದರಲ್ಲೂ ಓದಲು ಆಗುವುದಿಲ್ಲ, ಎಷ್ಟೇ ದುಬಾರಿಯದಾಗಲಿ.

ನವನಗರದ ಕಾರು: ನನ್ನದರಲ್ಲಿ ಎಲ್ಲವೂ ಸ್ಪಷ್ಟವಾಗಿ ಕಾಣುತ್ತದೆ.

ಲಾರಿ ಕಾಕಾ: ಹೌದು ತಮ್ಮಾ, ಸ್ಪಷ್ಟವಾಗಿಯೇ ಇದೆ. ಅದಕ್ಕೇ ಕೇಳುತ್ತೇನೆ. 14ನೇ ಸೆಕೆಂಡಿನಲ್ಲಿ ನಿಲ್ಲಿಸಿ ನೋಡಿರಿ. ಹಿಂದಿನ ಟ್ರೇಲರಿನ ಕಬ್ಬಿನ ಮೇಲೆ ಒಬ್ಬ ಹುಡುಗ ಕುಳಿತಿದ್ದಾನೆ. ತಲೆಗೆ ಟವೆಲ್ ಸುತ್ತಿಕೊಂಡಿದ್ದಾನೆ, ಕೈಯಲ್ಲಿ ಮೊಬೈಲ್ ಬೆಳಕು. ಬೀಸುತ್ತಿದ್ದಾನೆ. ನೀನು ಬ್ರೇಕ್ ಹಿಡಿದದ್ದು 19ಕ್ಕೆ.

ನವನಗರದ ಕಾರು: ಅದು ಹೊಲದ ಪಂಪ್‌ಸೆಟ್ಟಿನ ದೀಪ.

ಕಬ್ಬಿನ ಮನೆ: ಪಂಪ್‌ಸೆಟ್ಟಿನ ದೀಪ ಎಡಕ್ಕೂ ಬಲಕ್ಕೂ ಆಡುವುದನ್ನು ನಾನು ನೋಡಿಲ್ಲ.

ಗುಮ್ಮಟದ ನೆರಳು: ನಾನೂ ನೋಡಿದೆ, ಹುಡುಗನೇ. ಆದರೆ 13ನೇ ಹೆದ್ದಾರಿಯ ಹುಡುಗನಲ್ಲ ಎಂಬುದನ್ನು ಮತ್ತೊಮ್ಮೆ ದಾಖಲಿಸುತ್ತೇನೆ.

ನವನಗರದ ಕಾರು: ಸರಿ, 52 ಎಂದೇ ಇಟ್ಟುಕೊಳ್ಳಿ. ನಿಮ್ಮ ಹಟವೇ ಗೆಲ್ಲಲಿ. ಇಲ್ಲಿಗೆ ಮುಗಿಸೋಣ.

ಲಾರಿ ಕಾಕಾ: ತಮ್ಮಾ, ವಿಡಿಯೊ ತೆರೆಯುತ್ತಿಲ್ಲವಲ್ಲ. ತೆಗೆದುಬಿಟ್ಟೆಯಾ?