ಪದಚರ್ಚೆ: ಮ್ಯಾಮೊಗ್ರಾಮನ್ನು ‘ಓದುವುದೋ’ ‘ನೋಡುವುದೋ’, ಮತ್ತು ‘ಇಬ್ಬರು’ ಯಾರು?

ಮಾನ್ಯರೆ,

ಸ್ವೀಡನ್ನಿನ ‘ಮಸಾಯ್’ ಪ್ರಯೋಗದ ಬಗ್ಗೆ ಕನ್ನಡದಲ್ಲಿ ಬರೆಯಹೊರಟು ಒಂದು ಪದದ ಬಳಿ ಸಿಕ್ಕಿಕೊಂಡಿದ್ದೇನೆ. ಸ್ತನ ಕ್ಯಾನ್ಸರ್ ತಪಾಸಣೆಯಲ್ಲಿ ಪ್ರತಿ ಮ್ಯಾಮೊಗ್ರಾಮನ್ನು, ಅಂದರೆ ಸ್ತನದ ಎಕ್ಸ್‌ರೇ ಚಿತ್ರವನ್ನು, ಇಬ್ಬರು ರೇಡಿಯಾಲಜಿಸ್ಟರು ಪರಿಶೀಲಿಸುವುದು ಅಲ್ಲಿನ ವಾಡಿಕೆ. ಇದನ್ನು ಇಂಗ್ಲಿಷಿನಲ್ಲಿ ‘ಡಬಲ್ ರೀಡಿಂಗ್’ ಎನ್ನುತ್ತಾರೆ. 2021ರಲ್ಲಿ ಆರಂಭವಾದ ಈ ಪ್ರಯೋಗದಲ್ಲಿ ಕೃತಕ ಬುದ್ಧಿಮತ್ತೆಯ ತಂತ್ರಾಂಶವು ಚಿತ್ರಗಳಿಗೆ 1ರಿಂದ 10ರವರೆಗೆ ಅಪಾಯದ ಅಂಕ ಕೊಟ್ಟಿತು. 10 ಅಂಕ ಬಂದವನ್ನು ಇಬ್ಬರು ವೈದ್ಯರೂ ಉಳಿದವನ್ನು ಒಬ್ಬರೇ ವೈದ್ಯರೂ ಪರಿಶೀಲಿಸಿದರು. 2023ರ ಮಧ್ಯಂತರ ವರದಿಯಂತೆ, ಹಳೆಯ ಕ್ರಮದ ಗುಂಪಿನಲ್ಲಿ 83,231 ‘ರೀಡಿಂಗ್’ಗಳು ನಡೆದರೆ, ಹೆಚ್ಚುಕಡಿಮೆ ಆ ಗುಂಪಿನಷ್ಟೇ ಮಹಿಳೆಯರಿದ್ದ ತಂತ್ರಾಂಶದ ಗುಂಪಿನಲ್ಲಿ 46,345 ಸಾಕಾದವು, ಪತ್ತೆಯಾದ ಕ್ಯಾನ್ಸರ್‌ಗಳು ಮಾತ್ರ ಹಳೆಯ ಕ್ರಮದ 203ರ ಎದುರು 244.

ಹೀಗೆ ಎಣಿಸಲು ಬರುವ ನಾಮಪದವೇ ನನಗೆ ಸಿಗುತ್ತಿಲ್ಲ. ಕ್ರಿಯಾಪದಕ್ಕೇನೂ ಕೊರತೆಯಿಲ್ಲ. ನಾವು ನಾಡಿ ನೋಡುತ್ತೇವೆ, ಎಕ್ಸ್‌ರೇ ನೋಡುತ್ತೇವೆ. ಸಾರಿನ ರುಚಿ ನೋಡುವಾಗಲಂತೂ ಕಣ್ಣಿಗೆ ಕೆಲಸವೇ ಇಲ್ಲ. ಆದ್ದರಿಂದ ಕಣ್ಣಿಲ್ಲದ ತಂತ್ರಾಂಶ ‘ನೋಡಿತು’ ಎಂದರೂ ತಪ್ಪಾಗಲಾರದು. ಆದರೆ ‘ನೋಟ’ ಎಂದೊಡನೆ ಅರ್ಥ ಬೇರೆಡೆಗೆ ಜಾರುತ್ತದೆ. ‘ಜೋಡಿ ನೋಟ’ವಂತೂ ಪ್ರೇಮಿಗಳ ಪಾಲಿನದು. ‘ದ್ವಿಪಠನ’ ವೇದಪಾಠದಂತೆ ಕೇಳಿಸುತ್ತದೆ, ‘ಇಮ್ಮಡಿ’ ಎಂದರೆ ಪುಲಕೇಶಿ ಎದ್ದು ಬರುತ್ತಾನೆ. ಸದ್ಯಕ್ಕೆ ‘ಇಬ್ಬರ ತಪಾಸಣೆ’ ಎಂದು ಬರೆದಿಟ್ಟಿದ್ದೇನೆ.

ತೊಡಕು ಇರುವುದು ಆ ‘ಇಬ್ಬರ’ಲ್ಲಿ. ಒಬ್ಬ ವೈದ್ಯರೂ ಒಂದು ತಂತ್ರಾಂಶವೂ ಒಂದೇ ಚಿತ್ರವನ್ನು ಪರಿಶೀಲಿಸಿದಾಗ ‘ಇಬ್ಬರೂ ನೋಡಿದರು’ ಎಂದರೆ ಕಿವಿ ಒಪ್ಪುವುದಿಲ್ಲ, ‘ಎರಡೂ ನೋಡಿದವು’ ಎಂದರೆ ವೈದ್ಯರಿಗೆ ಅಪಚಾರವಾಗುತ್ತದೆ. ಗುರು, ಶನಿ ಇಬ್ಬರೂ ಒಂದೇ ಮನೆಯಲ್ಲಿದ್ದಾರೆ ಎಂದು ಗ್ರಹಗಳಿಗೆ ಆ ಗೌರವವನ್ನು ಕೊಟ್ಟಿದ್ದೇವೆ, ನಿಜ. ಆದರೆ ಮೇಲಿನ 46,345ರಲ್ಲಿ ಎಣಿಸಿರುವುದು ವೈದ್ಯರ ಪರಿಶೀಲನೆಗಳನ್ನು ಮಾತ್ರ. ತಪಾಸಣೆಗೆ ಬಂದ ಮಹಿಳೆಯನ್ನು ಮುಂದಿನ ಪರೀಕ್ಷೆಗೆ ಮರಳಿ ಕರೆಯಬೇಕೇ ಎಂಬ ನಿರ್ಧಾರವೂ ಅವರದೇ. ಹಾಗಾಗಿ ‘ತಂತ್ರಾಂಶದ ನೆರವಿನೊಡನೆ ಒಬ್ಬರ ತಪಾಸಣೆ’ ಎನ್ನುವುದೇ ಇಲ್ಲಿ ಸರಿಯೆಂದು ನನ್ನ ಅಭಿಪ್ರಾಯ. ಆದರೆ ಎರಡನೆಯ ವೈದ್ಯರ ಸ್ಥಾನದಲ್ಲೇ ತಂತ್ರಾಂಶವನ್ನಿಟ್ಟು, ಅದರ ತೀರ್ಮಾನವನ್ನೂ ಪ್ರತ್ಯೇಕವಾಗಿ ದಾಖಲಿಸುವ ಕ್ರಮವನ್ನು ವಿವರಿಸುವಾಗ ‘ನೆರವು’ ಎಂಬುದು ನಡೆದದ್ದಕ್ಕಿಂತ ಕಡಿಮೆ ಹೇಳುತ್ತದೆ.

ಸ್ಕ್ಯಾನಿಂಗ್ ವಿಭಾಗದಲ್ಲಿ ಕೆಲಸ ಮಾಡುವವರು ತಮ್ಮತಮ್ಮಲ್ಲಿ ಕನ್ನಡದಲ್ಲಿ ಇದಕ್ಕೆ ಏನೆನ್ನುತ್ತಾರೆ? ಮನುಷ್ಯರನ್ನೂ ವಸ್ತುವನ್ನೂ ಒಟ್ಟಿಗೆ ಎಣಿಸಿದ ಪದಪ್ರಯೋಗಗಳು ಹಳೆಯ ಗದ್ಯದಲ್ಲಿ ಯಾರ ಕಣ್ಣಿಗಾದರೂ ಬಿದ್ದಿದ್ದರೆ ದಯವಿಟ್ಟು ತಿಳಿಸಿ.