ಮೂಡಿಗೆರೆ ತೋಟದ ಮನೆ: ಶನಿವಾರ, ಭಾನುವಾರ ಬಿಟ್ಟರೆ ಜನವೇ ಇಲ್ಲ, ಏನು ಮಾಡೋದು?

ತೋಟದಮನೆ_ಮೂಡಿಗೆರೆ:
ಮೂಡಿಗೆರೆಯಿಂದ ಕೊಟ್ಟಿಗೆಹಾರಕ್ಕೆ ಹೋಗುವ ದಾರಿಯಲ್ಲಿ ನಮ್ಮ ತೋಟ. ಅತ್ತೆ-ಮಾವ ಇದ್ದ ಹಳೇ ಹೆಂಚಿನ ಮನೆಯನ್ನು ರಿಪೇರಿ ಮಾಡಿಸಿ ಹೋಮ್‌ಸ್ಟೇ ಮಾಡಿದ್ದೇವೆ. ಮೂರು ರೂಮು, ಉದ್ದದ ಜಗಲಿ, ಎದುರಿಗೇ ಕಾಫಿ ಒಣಗಿಸುವ ಕಣ. ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಆಗಿದೆ. ಅಡುಗೆ ನನ್ನದೇ.

ವಾರದ ಕೊನೆಗೆ ಜನ ಬರುತ್ತಾರೆ. ಸೋಮವಾರ ಬಂತೆಂದರೆ ಮನೆ ಖಾಲಿ. ಮಳೆಗಾಲದಲ್ಲಂತೂ ಫೋನೇ ಬರೋದಿಲ್ಲ. ರೇಟು ಇಳಿಸಿ ಅಂತ ಎಲ್ಲರೂ ಹೇಳ್ತಾರೆ. ಪಕ್ಕದ ತೋಟದವರು ಇಳಿಸಿದರು, ಆಮೇಲೆ ಬಂದದ್ದು ರಾತ್ರಿಯಿಡೀ ಸ್ಪೀಕರ್ ಹಾಕುವ ಗುಂಪುಗಳು. ಲೈನ್ ಮನೆಗಳಲ್ಲಿರುವ ತೋಟದ ಕೆಲಸದವರು ಬೆಳಿಗ್ಗೆ ಬೇಗ ಎದ್ದು ಕೆಲಸಕ್ಕೆ ಹೋಗಬೇಕು, ಅವರಿಗೆ ನಿದ್ದೆ ಬೇಡ್ವಾ? ನಮ್ಮನೆಯವರು ಸ್ವಿಮ್ಮಿಂಗ್ ಪೂಲ್ ಕಟ್ಟಿಸೋಣ ಅಂತಿದ್ದಾರೆ. ನನಗೆ ಮನಸ್ಸಿಲ್ಲ. ಗೊತ್ತಿರುವವರು ಹೇಳಿ.

ಬೆಂಗಳೂರಿನ_ಅತಿಥಿ:
ನಾನು ಬುಕ್ ಮಾಡುವ ಕಡೆಯವನು. ಫೋಟೋದಲ್ಲಿ ಬರೀ ಬೆಟ್ಟ, ಮಂಜು ಇದ್ದರೆ ಮುಂದಿನದಕ್ಕೆ ಹೋಗಿಬಿಡ್ತೀನಿ. ನನ್ನ ಜೊತೆ ಅಮ್ಮ ಇರ್ತಾರೆ. ಬಚ್ಚಲು ಹೇಗಿದೆ, ವೆಸ್ಟರ್ನ್ ಕಮೋಡ್ ಇದೆಯಾ, ಮೆಟ್ಟಿಲು ಎಷ್ಟು, ಕೊನೆಯ ಮಣ್ಣಿನ ರಸ್ತೆಯಲ್ಲಿ ಚಿಕ್ಕ ಕಾರು ಹತ್ತುತ್ತಾ? ಇದಿಷ್ಟು ತೋರಿಸಿ. ಯಾವ ಸಿಮ್‌ಗೆ ಸಿಗ್ನಲ್ ಸಿಗುತ್ತೆ ಅನ್ನೋದನ್ನೂ ಹಾಕಿ.

ಸಕಲೇಶಪುರ_ತೋಟಗಾರ:
ಅಕ್ಕಾ, ಪೂಲ್ ಬೇಡ. ನೀರು ನೋಡೋಕೆ ಬರುವವರಿಗೆ ದೊಡ್ಡ ರೆಸಾರ್ಟ್‌ಗಳಿವೆ, ಅವರ ಜೊತೆ ನಾವು ಯಾಕೆ ಪೈಪೋಟಿಗೆ ಬೀಳಬೇಕು? ನಿಮ್ಮ ಹತ್ತಿರ ತೋಟ ಇದೆ. ತೋಟದಲ್ಲಿ ಯಾವ ತಿಂಗಳು ಏನಾಗುತ್ತೆ ಅನ್ನೋದನ್ನೇ ಜನರಿಗೆ ತಿಳಿಸಿ.

ನಾನು ಮಾಡೋದು ಹೇಳ್ತೀನಿ. ಬಂದು ಹೋದವರ ನಂಬರುಗಳನ್ನು, ಅವರನ್ನು ಕೇಳಿಕೊಂಡೇ, ವಾಟ್ಸಾಪ್‌ನಲ್ಲಿ ಒಂದು ಬ್ರಾಡ್‌ಕಾಸ್ಟ್ ಪಟ್ಟಿ ಮಾಡಿಟ್ಟಿದ್ದೀನಿ. ಮಾರ್ಚ್, ಏಪ್ರಿಲ್ ಹೊತ್ತಿಗೆ ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ, ಬಿದ್ದ ಸಂಜೆಯೇ ಮೆಸೇಜ್ ಹಾಕ್ತೀನಿ: "ಇವತ್ತು ಮಳೆ ಬಂತು. ಇನ್ನು ಎಂಟು-ಹತ್ತು ದಿನಕ್ಕೆ ಹೂ." ಹೂ ಇರೋದು ಎರಡು-ಮೂರು ದಿನ ಅಷ್ಟೇ. ಗಿಡ ಪೂರ್ತಿ ಬೆಳ್ಳಗಾಗಿ, ಮಲ್ಲಿಗೆಯಂಥ ಪರಿಮಳ ಜಗಲಿವರೆಗೂ ಬರುತ್ತೆ. ಆ ಹೂ ಶನಿವಾರಕ್ಕೆ ಕಾಯೋದಿಲ್ಲ ಅಲ್ವಾ? ಅದಕ್ಕೇ ಜನ ಬುಧವಾರವೂ ರಜೆ ಹಾಕಿ ಬರ್ತಾರೆ.

ಡಿಸೆಂಬರ್, ಜನವರಿಯಲ್ಲಿ ಕೊಯ್ಲು. ಹಣ್ಣನ್ನು ಸಿಪ್ಪೆ ಸುಲಿಯುವ ಪಲ್ಪರ್‌ಗೆ ಹಾಕುವಾಗ ಮಕ್ಕಳನ್ನು ದೂರ ನಿಲ್ಲಿಸಿ ತೋರಿಸಿ, ಕಣದಲ್ಲಿ ಬೀಜ ಹರವೋಕೆ ಬಿಡಿ. ಆ ಕೆಲಸ ನಿಮ್ಮಲ್ಲಿ ಹೇಗೂ ನಡೆಯುತ್ತೆ.

ಮಳೆಗಾಲ ಮುಚ್ಚಿಡಬೇಡಿ. ಇಂಬಳ (ಜಿಗಣೆ) ಇರುತ್ತೆ ಅಂತ ಮೊದಲೇ ಹೇಳಿಬಿಡಿ, ಇಂಬಳದ ಕಾಲುಚೀಲ ನೀವೇ ಕೊಡಿ. ಕರೆಂಟ್ ಹೋದರೂ ಹಂಡೆ ನೀರು ಕಾದಿರುತ್ತೆ ಅಂತ ಬರೆಯಿರಿ. ಕಳಲೆ ಪಲ್ಯ, ಪತ್ರೊಡೆ, ಬಿಸಿ ಕಡುಬು ಇವೆಲ್ಲ ಆ ತಿಂಗಳುಗಳ ಊಟ. ಊರಿನವರ ಕೈಯಡುಗೆಗೆ ಅಂತಲೇ ಬರುವವರಿದ್ದಾರೆ. ಊಟದ ಫೋಟೋ ಹಾಕುವಾಗ ಬಾಳೆಲೆ ಮೇಲೆ ನಿಜವಾಗಿ ಬಡಿಸಿದ್ದನ್ನೇ ಹಾಕಿ, ಇಂಟರ್ನೆಟ್ಟಿಂದ ತೆಗೆದದ್ದು ಬೇಡವೇ ಬೇಡ.

ವಾರದ ಮಧ್ಯೆ ಯಾರು ಬರ್ತಾರೆ ಅಂತ ಕೇಳಿದರೆ, ರಿಟೈರ್ ಆದವರು. ಧರ್ಮಸ್ಥಳ, ಹೊರನಾಡಿಗೆ ಹೋಗುವವರು ನಿಮ್ಮ ದಾರಿಯಲ್ಲೇ ಹಾದು ಹೋಗ್ತಾರೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ಯುನೆಸ್ಕೋ ಪಟ್ಟಿಗೆ ಸೇರಿದವು. ಬೇಲೂರು, ಹಳೇಬೀಡನ್ನು ನಿಧಾನವಾಗಿ ನೋಡುವವರಿಗೆ ಎರಡು ರಾತ್ರಿ ಬೇಕು. ಎರಡು ರಾತ್ರಿಗೆ ಅಂತ ಒಂದು ಬೇರೆ ರೇಟು ಇಡಿ. ದಿನದ ರೇಟು ಮಾತ್ರ ಇಳಿಸಬೇಡಿ.

ಮತ್ತೆ, ರಾತ್ರಿ ಹತ್ತಕ್ಕೆ ಸ್ಪೀಕರ್ ಬಂದ್ ಅನ್ನೋದನ್ನು ಬುಕಿಂಗ್‌ಗೆ ಮೊದಲೇ ಬರೆದು ಕಳಿಸಿ. ಬೇಡ ಅನ್ನುವವರು ಅಲ್ಲೇ ಹಿಂದೆ ಸರೀತಾರೆ, ಉಳಿದವರು ನೆಮ್ಮದಿಗೆ ಅಂತಲೇ ಬರ್ತಾರೆ.

ತೋಟದಮನೆ_ಮೂಡಿಗೆರೆ:
ತುಂಬಾ ಉಪಕಾರವಾಯ್ತು. ಕೆಳಗಿನ ರೂಮಿಗೆ ಮೆಟ್ಟಿಲೇ ಇಲ್ಲ, ಅದನ್ನು ಎಲ್ಲೂ ಬರೆದಿರಲಿಲ್ಲ. ಇವತ್ತೇ ಹಾಕ್ತೀನಿ. ಒಂದು ಅನುಮಾನ: ಹೂಮಳೆ ಕೈಕೊಟ್ಟರೆ? ನಮ್ಮಲ್ಲಿ ಅರ್ಧ ರೊಬಸ್ಟಾ ಜಾತಿಯ ಕಾಫಿ ಇದೆ.

ಸಕಲೇಶಪುರ_ತೋಟಗಾರ:
ರೊಬಸ್ಟಾ ಇದ್ದರೆ ಇನ್ನೂ ಒಳ್ಳೇದು. ಫೆಬ್ರವರಿ, ಮಾರ್ಚಲ್ಲಿ ಮಳೆಗೆ ಕಾಯದೆ ಹೂ ಬರಿಸೋಕೆ ಸ್ಪ್ರಿಂಕ್ಲರ್ ನೀರು ಹೊಡೀತೀರಲ್ಲ, ಹೊಡೆದ ದಿನದಿಂದ ಲೆಕ್ಕ ಹಾಕಿ ಹೂವಿನ ತಾರೀಕು ಹೇಳಬಹುದು. ಬಂದವರಿಗೆ ಮಾತ್ರ ದಾರಿಯ ಮೇಲೇ ನಿಂತು ನೋಡಿ, ಗಿಡ ಅಲುಗಾಡಿಸಬೇಡಿ ಅಂತ ಹೇಳಿ. ಜೇನು ಕೆಲಸ ಮಾಡ್ತಿರುತ್ತೆ, ಮುಂದಿನ ವರ್ಷದ ಫಸಲು ಅದರಲ್ಲೇ ಇದೆ.