ಕೋಬ್ರಾ ರೆಪ್ಲಿಕಾಗೆ ಬೇರೆ ವೀಲು: ಐದು ನಟ್ಟು ಹತ್ತಿದರೆ ಸಾಕಾ?

ಪ್ರಶ್ನೆ: ನಮಸ್ಕಾರ ಸರ್. ನನ್ನದು ಕೋಬ್ರಾ 427 ಅನ್ನುವ ಹಳೇ ಸ್ಪೋರ್ಟ್ಸ್ ಕಾರಿನ ರೆಪ್ಲಿಕಾ (ನಕಲು ಕಾರು). ಫೈಬರ್ ಬಾಡಿ, ಪೈಪಿನ ಚಾಸಿ, ಹಿಂದೆ ಮುಂದೆ ಹಳೇ ಜಾಗ್ವಾರ್ ಎಕ್ಸ್‌ಜೆ6ನ ಹಬ್ಬು (ವೀಲು ಕೂರುವ ನಡುಭಾಗ) ಮತ್ತು ಸಸ್ಪೆನ್ಶನ್. ನಾನು ಕಟ್ಟಿದ್ದಲ್ಲ, ಎರಡು ಕೈ ದಾಟಿ ಬಂದಿದ್ದು. ಈಗ ಇರುವುದು 15 ಇಂಚಿನ ವೀಲು. ಮುಂದಿನವು 7 ಇಂಚು ಅಗಲ, ಇಟಿ 35, ಟೈರು 225/60 (ಅಗಲ 225 ಮಿಮೀ, ಗೋಡೆಯ ಎತ್ತರ ಅದರ ಶೇಕಡಾ 60). ಇದನ್ನು 17 ಇಂಚಿಗೆ ಬದಲಾಯಿಸುವ ಆಸೆ. ಗೆಳೆಯನ ಹತ್ತಿರ ಬಿಎಂಡಬ್ಲ್ಯುನಿಂದ ಬಿಚ್ಚಿದ ಒಂದು ಸೆಟ್ ಇದೆ. 17 ಇಂಚು, ಅಗಲ 8 ಇಂಚು, ಇಟಿ 20, ಪಿಸಿಡಿ 5×120. ನಿನ್ನೆ ಒಂದನ್ನು ಮುಂದಿನ ಎಡಕ್ಕೆ ಹಾಕಿ ನೋಡಿದೆ. ಐದೂ ನಟ್ಟು ಹತ್ತಿದವು. ಕೊನೆಯ ಎರಡು ಮಾತ್ರ ಕೈಯಲ್ಲಿ ತಿರುಗಲಿಲ್ಲ, ಪಾನಾ ಹಾಕಿ ಎಳೆದೆ. "ಕೂತ್ಕೊಂಡಿತಲ್ಲ, ಇನ್ನೇನು" ಅಂತಾನೆ ಗೆಳೆಯ. ತಗೊಳ್ಳಬಹುದಾ?

ಉತ್ತರ: ಇನ್ನೂ ದುಡ್ಡು ಕೊಟ್ಟಿಲ್ಲ ತಾನೇ? ಹಾಗಿದ್ದರೆ ಬೇಡ ಅಂದುಬಿಡಿ.

ಕೈಯಲ್ಲಿ ತಿರುಗದ ಆ ಎರಡು ನಟ್ಟು ನಿಮಗೆ ನಿಜ ಹೇಳುತ್ತಿದ್ದವು. ನೀವು ಪಾನಾ ಹಾಕಿ ಅವುಗಳ ಬಾಯಿ ಮುಚ್ಚಿಸಿದಿರಿ. ಪಿಸಿಡಿ ಅಂದರೆ ಐದೂ ಸ್ಟಡ್ಡುಗಳ (ಹಬ್ಬಿನಿಂದ ಹೊರಬಂದ, ನಟ್ಟು ಹತ್ತುವ ಕಂಬಿಗಳು) ನಡುಮಧ್ಯವನ್ನು ಹಾದುಹೋಗುವ ವೃತ್ತದ ವ್ಯಾಸ. ಹಳೇ ಎಕ್ಸ್‌ಜೆ6ರಲ್ಲಿ ಅದು ನಾಲ್ಕು ಮುಕ್ಕಾಲು ಇಂಚು, ಅಂದರೆ 120.65 ಮಿಮೀ. ಬಿಎಂಡಬ್ಲ್ಯು ವೀಲಿನದು 120. ಒಂದು ಮಿಮೀ ಕೂಡ ವ್ಯತ್ಯಾಸವಿಲ್ಲ, ಅದಕ್ಕೇ ಇಷ್ಟು ಜನ ಇಲ್ಲಿ ಎಡವುವುದು. ಟೇಪು ಹಿಡಿದರೆ ಗೊತ್ತೇ ಆಗುವುದಿಲ್ಲ. ಐದು ಸ್ಟಡ್ಡಿನ ಹಬ್ಬಿನಲ್ಲಿ ಪಕ್ಕಪಕ್ಕದ ಎರಡು ಸ್ಟಡ್ಡುಗಳ ಮಧ್ಯದಿಂದ ಮಧ್ಯಕ್ಕೆ ಅಳೆದು 1.701ರಿಂದ ಗುಣಿಸಿದರೆ ಪಿಸಿಡಿ ಬರುತ್ತದೆ. 120 ಆದರೆ ಆ ಅಳತೆ 70.5 ಮಿಮೀ, 120.65 ಆದರೆ 70.9. ವರ್ನಿಯರ್ ಬೇಕೇ ಬೇಕು.

ಇಷ್ಟು ಚಿಕ್ಕ ವ್ಯತ್ಯಾಸದಿಂದ ಏನಾಗುತ್ತದೆ? ನಟ್ಟಿನ ಮೂತಿ ಚೂಪಾಗಿರುತ್ತದೆ, ವೀಲಿನ ತೂತಿನ ಬಾಯಿಯೂ ಅದಕ್ಕೆ ತಕ್ಕಂತೆ ಓರೆಯಾಗಿರುತ್ತದೆ. ಎರಡೂ ಸುತ್ತಲೂ ಒಂದೇ ಸಮ ಕೂತರೆ ಮಾತ್ರ ಹಿಡಿತ. ನಿಮ್ಮಲ್ಲಿ ಒಂದೊಂದು ಸ್ಟಡ್ಡೂ ತೂತಿನ ಮಧ್ಯದಿಂದ ಸುಮಾರು ಮೂರನೇ ಒಂದು ಮಿಮೀ ಆಚೆ ಇದೆ. ನಟ್ಟು ಒಂದೇ ಮಗ್ಗುಲಲ್ಲಿ ಒತ್ತುತ್ತದೆ, ಬಿಗಿ ಮಾಡಿದಷ್ಟೂ ಸ್ಟಡ್ಡು ಬಾಗುತ್ತದೆ. ಟಾರ್ಕ್ ರೆಂಚ್ ಟಕ್ ಅನ್ನುತ್ತದೆ, ನಿಜ. ಆದರೆ ಆ ಬಲದಲ್ಲಿ ಒಂದಿಷ್ಟು ವೀಲು ಹಿಡಿಯುವುದಕ್ಕಲ್ಲ, ಸ್ಟಡ್ಡು ಬಗ್ಗಿಸುವುದಕ್ಕೆ ಹೋಗಿರುತ್ತದೆ. ಓಡಿಸುತ್ತಾ ಓಡಿಸುತ್ತಾ ನಟ್ಟು ಸಡಿಲವಾಗುತ್ತದೆ. ಇಂಥ ಸಣ್ಣ ವ್ಯತ್ಯಾಸಕ್ಕೆಂದೇ ಮೂತಿ ಅಲುಗಾಡುವ ನಟ್ಟು ಬೋಲ್ಟು ಮಾರುತ್ತಾರೆ. ನನ್ನ ಕೈಯಿಂದ ಹೋಗುವ ಕಾರಿಗೆ ನಾನು ಹಾಕುವುದಿಲ್ಲ.

ಪಿಸಿಡಿ ಸರಿ ಇದ್ದಿದ್ದರೂ ಈ ವೀಲು ನಿಮಗೆ ಆಗುತ್ತಿರಲಿಲ್ಲ, ಇಟಿ ನೋಡಿ. ಇಟಿ ಅಂದರೆ ರಿಮ್ಮಿನ ನಡುಗೆರೆಯಿಂದ ಹಬ್ಬಿಗೆ ತಾಗುವ ಮುಖ ಎಷ್ಟು ದೂರ ಅನ್ನುವುದು. ಅಂಕೆ ಕಡಿಮೆಯಾದಷ್ಟೂ ವೀಲು ಹೊರಗೆ ಬರುತ್ತದೆ. ಅಗಲ ಒಂದು ಇಂಚು ಜಾಸ್ತಿ ಅಂದರೆ ಪ್ರತಿ ಪಕ್ಕಕ್ಕೆ 12.7 ಮಿಮೀ. ಇಟಿ 35ರಿಂದ 20ಕ್ಕೆ ಇಳಿದರೆ ಇನ್ನೂ 15. ಒಟ್ಟು ಹೊರ ಅಂಚು 27.7 ಮಿಮೀ ಆಚೆ ಬರುತ್ತದೆ, ಒಳ ಅಂಚು 2.3 ಮಿಮೀ ದೂರ ಸರಿಯುತ್ತದೆ. ಸುಮಾರು ಮೂರು ಸೆಂಟಿಮೀಟರು ಹೊರಗೆ! ನಿಮ್ಮ ಮಡ್‌ಗಾರ್ಡಿನಲ್ಲಿ ಅಷ್ಟು ಜಾಗ ಇದೆಯಾ?

ಅದೇ ಸದಸ್ಯರು: ಅಯ್ಯೋ, ಇಷ್ಟೆಲ್ಲಾ ಇದೆ ಅಂತ ಗೊತ್ತಿರಲಿಲ್ಲ ಸರ್. ನಿಂತಾಗ ಟೈರಿಗೂ ಮಡ್‌ಗಾರ್ಡಿಗೂ ನಡುವೆ ಎರಡು ಬೆರಳು ಆರಾಮಾಗಿ ಹೋಗುತ್ತವೆ. ಇದೇ ಬಾಡಿ, ಇದೇ ಹಬ್ಬು ಇರುವ ಇನ್ನೊಬ್ಬರ ಕಾರಿಗೆ ಯಾವ ಅಳತೆಯ ವೀಲು ಹಾಕಿದ್ದಾರೆ ಅಂತ ಕೇಳಿ ಅದನ್ನೇ ತರಿಸಿದರೆ ಆಗಲ್ವಾ?

ಉತ್ತರ: ಕಾರ್ಖಾನೆಯ ಕಾರಾಗಿದ್ದರೆ ಆಗುತ್ತಿತ್ತು. ರೆಪ್ಲಿಕಾದಲ್ಲಿ ಬಾಡಿ ಒಬ್ಬರದು, ಹಬ್ಬು ಇನ್ನೊಂದು ಕಾರಿನದು, ಜೋಡಿಸಿದವರು ಮೂರನೆಯವರು. ಒಂದೇ ಅಚ್ಚಿನಿಂದ ಬಂದ ಎರಡು ಬಾಡಿಗಳು ಚಾಸಿಯ ಮೇಲೆ ಬೇರೆ ಬೇರೆ ಜಾಗದಲ್ಲಿ ಕೂತಿರುತ್ತವೆ. ಬೇರೆಯವರ ಅಳತೆ ಕೇಳಿ, ಬರೆದಿಟ್ಟುಕೊಳ್ಳಿ, ಆದರೆ ಅದನ್ನು ನಂಬಿ ಆರ್ಡರ್ ಮಾಡಬೇಡಿ.

ಎರಡು ಬೆರಳಿನ ಲೆಕ್ಕ ನನಗೂ ಇತ್ತು. ನಾನು ಮೊದಲು ಕಟ್ಟಿದ ಕಾರಿನಲ್ಲಿ ಹಿಂದೆ ಎರಡು ಬೆರಳು ಹೋಗುತ್ತಿದ್ದವು. ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಂಡು ಹೊರಟೆ. ಒಂದು ಉಬ್ಬು ಹತ್ತಿ ಇಳಿದಾಗ ಚರ್ ಅಂತ ಒಂದೇ ಒಂದು ಸದ್ದು. ಇಳಿದು ನೋಡಿದರೆ ಟೈರಿನ ಭುಜದ ಮೇಲೆ ಉದ್ದಕ್ಕೆ ಹೊಳೆಯುವ ಗೀರು. ಮಡ್‌ಗಾರ್ಡಿಗೆ ಏನೂ ಆಗಿಲ್ಲ ಅಂದುಕೊಂಡೆ. ಎರಡು ವಾರ ಕಳೆದ ಮೇಲೆ ಅಂಚಿನಿಂದ ಮೇಲಕ್ಕೆ ಜೇಡರ ಬಲೆಯ ಹಾಗೆ ಸಣ್ಣ ಬಿರುಕುಗಳು ಎದ್ದವು. ತಗಡಾದರೆ ನೆಗ್ಗುತ್ತದೆ, ಫೈಬರ್ ಒಳಗೊಳಗೇ ಒಡೆದು ನಿಧಾನವಾಗಿ ತೋರಿಸುತ್ತದೆ. ಪೇಂಟ್ ಮಾಡಿಸಿದ್ದು ಎರಡು ಸಲ.

ಹಾಗಾಗಿ ಅಳೆಯುವುದು ನಿಂತ ಕಾರನ್ನಲ್ಲ, ಕುಣಿಯುವ ವೀಲನ್ನು. ಕಾರನ್ನು ಗಟ್ಟಿ ಸ್ಟ್ಯಾಂಡುಗಳ ಮೇಲೆ ಕೂರಿಸಿ. ಒಂದು ಮೂಲೆಯ ಸ್ಪ್ರಿಂಗ್ ತೆಗೆಯಿರಿ, ಆದರೆ ಬಂಪ್ ಸ್ಟಾಪ್ ರಬ್ಬರ್ (ವೀಲು ತೀರಾ ಮೇಲೆ ಹೋಗದಂತೆ ತಡೆಯುವ ತುಂಡು) ಜಾಗದಲ್ಲೇ ಇರಲಿ. (ಜಾಗ್ವಾರ್‌ನ ಮೂಲ ಮುಂದಿನ ಸ್ಪ್ರಿಂಗೇ ಇದ್ದರೆ ಅದಕ್ಕೆ ತಕ್ಕ ಕಂಪ್ರೆಸರ್ ಇಲ್ಲದೆ ಕೈ ಹಾಕಬೇಡಿ. ಅದು ಹಾರಿದರೆ ಮೂಳೆ ಮುರಿಯುತ್ತದೆ.) ಈಗ ಹಳೇ ವೀಲನ್ನೇ ಹಾಕಿ, ಹಬ್ಬಿನ ಕೆಳಗೆ ಜಾಕಿ ಇಟ್ಟು, ರಬ್ಬರಿಗೆ ತಾಗುವವರೆಗೂ ನಿಧಾನವಾಗಿ ಎತ್ತಿ. ಒಂದೊಂದು ಇಂಚಿಗೂ ನಿಂತು ಹೊರಗೆ ಎಷ್ಟು ಜಾಗ, ಒಳಗೆ ಎಷ್ಟು ಜಾಗ ಅಂತ ಬರೆದುಕೊಳ್ಳಿ. ಮುಂದಿನ ವೀಲಾದರೆ ಪ್ರತಿ ಎತ್ತರದಲ್ಲೂ ಸ್ಟೇರಿಂಗನ್ನು ಈ ಕೊನೆಯಿಂದ ಆ ಕೊನೆಗೆ ತಿರುಗಿಸಿ. ಪೂರ್ತಿ ತಿರುಗಿದಾಗ ಟೈರಿನ ಹಿಂಭಾಗ ಒಳಗಿನ ಪೈಪಿಗೋ ಮಡ್‌ಗಾರ್ಡಿನ ಹಿಂದಿನ ಮೂಲೆಗೋ ಬಡಿಯುವುದು ಜಾಸ್ತಿ. ಹಿಂದಿನ ಜಾಗ್ವಾರ್ ಸಸ್ಪೆನ್ಶನ್‌ನಲ್ಲಿ ಡ್ರೈವ್ ಶಾಫ್ಟೇ ಮೇಲಿನ ತೋಳಿನ ಕೆಲಸ ಮಾಡುತ್ತದೆ. ವೀಲು ಮೇಲೆ ಹೋದಂತೆ ಟೈರಿನ ತಲೆ ಒಳಕ್ಕೆ ವಾಲುತ್ತದೆ, ಹಾಗಾಗಿ ಅಲ್ಲಿ ಒಳಗಿನ ಜಾಗವನ್ನೂ ಬಿಡದೆ ನೋಡಿ.

ಬ್ರೇಕ್ ಕ್ಯಾಲಿಪರ್ (ಬ್ರೇಕ್ ಡಿಸ್ಕನ್ನು ಹಿಡಿದು ಒತ್ತುವ ಭಾಗ) ಮರೆಯಬೇಡಿ. 17 ಇಂಚಿನ ರಿಮ್ಮು ದೊಡ್ಡದು, ಒಳಸುತ್ತಿಗೆ ತೊಂದರೆ ಇಲ್ಲ. ತಾಗುವುದು ವೀಲಿನ ಕಡ್ಡಿಗಳ ಬೆನ್ನು. ಕ್ಯಾಲಿಪರಿನ ಮೂತಿಗೆ ಮಕ್ಕಳು ಆಡುವ ಕ್ಲೇ ಒಂದು ಉಂಡೆ ಮೆತ್ತಿ, ವೀಲು ಹಾಕಿ ಒಂದು ಸುತ್ತು ತಿರುಗಿಸಿ ತೆಗೆಯಿರಿ. ಚಪ್ಪಟೆಯಾದ ಕ್ಲೇ 3 ಮಿಮೀಗಿಂತ ತೆಳ್ಳಗಿದ್ದರೆ ಆ ವೀಲು ಬೇಡ. ಹಿಂದೆ ಈ ತಾಪತ್ರಯ ಇಲ್ಲ. ಹಳೇ ಎಕ್ಸ್‌ಜೆ6ರಲ್ಲಿ ಹಿಂದಿನ ಬ್ರೇಕು ವೀಲಿನೊಳಗೆ ಅಲ್ಲ, ಡಿಫರೆನ್ಷಿಯಲ್ ಪಕ್ಕದಲ್ಲಿ ಇರುತ್ತದೆ.

ಇನ್ನೊಬ್ಬ ಸದಸ್ಯರು: ಸರ್, ನಡುವೆ ಬಂದೆ, ಬೇಜಾರು ಮಾಡ್ಕೋಬೇಡಿ. ನನ್ನದು ಉಲ್ಟಾ ಕಥೆ. ಹಿಂದಿನ ವೀಲು ಮಡ್‌ಗಾರ್ಡಿನ ಒಳಗೆ ಅಡಗಿ ಕೂತಿದೆ, ನೋಡಲು ಚೆನ್ನಾಗಿಲ್ಲ. ಹಬ್ಬಿಗೂ ವೀಲಿಗೂ ನಡುವೆ ಸ್ಪೇಸರ್ ಹಾಕಿ ಹೊರಗೆ ತರಬಹುದಾ? ಮುಂದೆಯೂ ಹಾಕೋಣ ಅಂತಿದ್ದೇನೆ.

ಉತ್ತರ: ಹಿಂದೆ ಹಾಕಬಹುದು, ಸರಿಯಾದದ್ದು ಹಾಕಿದರೆ. ಸ್ಟಡ್ಡಿಗೆ ಸುಮ್ನೆ ತೂರಿಸುವ ತಟ್ಟೆಯಂಥದ್ದು ಹಾಕಿದರೆ ನಟ್ಟಿಗೆ ಉಳಿಯುವ ಮರೆ (ಸ್ಟಡ್ಡಿನ ಮೇಲಿನ ಸುರುಳಿ ಗೆರೆ) ಅಷ್ಟು ಕಡಿಮೆಯಾಗುತ್ತದೆ. ಸ್ಟಡ್ಡು ಎಷ್ಟು ದಪ್ಪವೋ ಕನಿಷ್ಠ ಅಷ್ಟು ಉದ್ದ ಮರೆ ನಟ್ಟಿನೊಳಗೆ ಇರಬೇಕು ಅನ್ನುವುದು ನಾವು ಇಟ್ಟುಕೊಂಡಿರುವ ಲೆಕ್ಕ. ಅರ್ಧ ಇಂಚಿನ ಯುಎನ್‌ಎಫ್ (ಇಂಚಿನ ಲೆಕ್ಕದ ಸಣ್ಣ ಮರೆ) ಸ್ಟಡ್ಡಿನಲ್ಲಿ ಇಂಚಿಗೆ 20 ಸುತ್ತು, ಅಂದರೆ ನಟ್ಟು ಪೂರ್ತಿ 10 ಸುತ್ತು ತಿರುಗಬೇಕು. 12 ಮಿಮೀ ಸ್ಟಡ್ಡು, ಸುತ್ತಿಗೆ 1.5 ಮಿಮೀ ಮರೆಯಾದರೆ 8 ಸುತ್ತು. ಎಣಿಸಿ ನೋಡಿ. ಕಡಿಮೆ ಬಂದರೆ ಉದ್ದ ಸ್ಟಡ್ಡು ಹಾಕಿಸಿ. 20–25 ಮಿಮೀ ಬೇಕಿದ್ದರೆ ಹಬ್ಬಿಗೆ ಪ್ರತ್ಯೇಕವಾಗಿ ಬೋಲ್ಟು ಆಗಿ, ತನ್ನದೇ ಸ್ಟಡ್ಡು ಇರುವ ಸ್ಪೇಸರ್ ತಗೊಳ್ಳಿ. ಹಬ್ಬಿನ ನಡುಗಂಬದ ಮೇಲೆ ಅದು ಆಟವಿಲ್ಲದೆ ಕೂರಬೇಕು.

ಮುಂದೆ ಮಾತ್ರ ನೂರು ಸಲ ಯೋಚಿಸಿ. ವೀಲು ತಿರುಗುವ ಅಕ್ಷದ ಗೆರೆ ನೆಲಕ್ಕೆ ಒಂದು ಜಾಗದಲ್ಲಿ ಮುಟ್ಟುತ್ತದೆ. ಟೈರಿನ ನಡುಭಾಗ ಅಲ್ಲಿಂದ ಎಷ್ಟು ದೂರ ಇರಬೇಕು ಅಂತ ಆ ಹಬ್ಬು ಮಾಡಿದವರು ಲೆಕ್ಕ ಹಾಕಿರುತ್ತಾರೆ. ವೀಲನ್ನು ಹೊರಗೆ ಎಳೆದಷ್ಟೂ ಆ ದೂರ ಬೆಳೆಯುತ್ತದೆ. ಆಮೇಲೆ ಪ್ರತಿ ಗುಂಡಿಯೂ ಸ್ಟೇರಿಂಗನ್ನು ಕೈಯಿಂದ ಕಿತ್ತುಕೊಳ್ಳುತ್ತದೆ, ಬ್ರೇಕು ಒಂದು ಕಡೆ ಸ್ವಲ್ಪ ಜಾಸ್ತಿ ಹಿಡಿದರೂ ಕಾರು ಎಳೆಯುತ್ತದೆ. ಬೇರಿಂಗಿನ ಮೇಲೂ ಭಾರ. ಚಂದಕ್ಕೆ ಅಂತ ಮಾಡಿ ಓಡಿಸುವ ಖುಷಿ ಕಳೆದುಕೊಂಡವರನ್ನು ಬೇಕಾದಷ್ಟು ನೋಡಿದ್ದೇನೆ.

ಮತ್ತೊಬ್ಬ ಸದಸ್ಯರು: ಸರ್, ನನ್ನದು ಕೋಬ್ರಾ 289ರ ರೂಪದ್ದು. 1962ರ ಮೊದಲ ಕೋಬ್ರಾಗಳ ಹಾಗೆ ಸ್ಪೋಕ್ ವೀಲು ಹಾಕಬೇಕು ಅಂತಿದೆ. ನಡುವಿನ ದೊಡ್ಡ ರೆಕ್ಕೆ ನಟ್ಟು ಓಡುವಾಗ ಬಿಚ್ಚಿಕೊಳ್ಳಲ್ವಾ?

ಉತ್ತರ: ಸರಿಯಾದ ಪಕ್ಕಕ್ಕೆ ಹಾಕಿದರೆ ಇಲ್ಲ. ಕಾರಿನ ಎಡಕ್ಕೆ ಮಾಮೂಲಿ ಬಲಮರೆ, ಬಲಕ್ಕೆ ಎಡಮರೆ. ವೀಲು ಮುಂದಕ್ಕೆ ಉರುಳುವ ದಿಕ್ಕಿಗೆ ತಿರುಗಿಸಿದರೆ ನಟ್ಟು ಬಿಚ್ಚಬೇಕು. ಕೇಳಲು ತಿರುಗುಮುರುಗು ಅನಿಸುತ್ತದೆ, ಆದರೆ ನಟ್ಟಿನ ಓರೆ ಮೂತಿ ವೀಲಿನೊಳಗೆ ಉರುಳುತ್ತಾ ಓಡಿದಷ್ಟೂ ಬಿಗಿಯಾಗುತ್ತದೆ. ಹಳೇ ಹಬ್ಬು ಜೋಡಿಸುವಾಗ ಎಡ ಬಲ ಅದಲುಬದಲು ಮಾಡಿದವರಿದ್ದಾರೆ, ಅದನ್ನೇ ಮೊದಲು ಪರೀಕ್ಷಿಸಿ. ಹಬ್ಬಿನ ಹಲ್ಲುಗಳು ಸವೆದು ಚೂಪಾಗಿದ್ದರೆ ಬದಲಾಯಿಸಿ. ಹಲ್ಲಿಗೆ ಗ್ರೀಸ್ ಹಚ್ಚಿ. ಸ್ಪೋಕಿನ ಬುಡ ಸೀಲ್ ಮಾಡದ ರಿಮ್ಮಿಗೆ ಒಳಗೆ ಟ್ಯೂಬ್ ಬೇಕು. ಅಂದಹಾಗೆ, ಎಷ್ಟೋ ರೆಪ್ಲಿಕಾ ವೀಲುಗಳಲ್ಲಿ ಕಾಣುವ ರೆಕ್ಕೆ ನಟ್ಟು ಬರೀ ಮುಚ್ಚಳ, ಕೆಳಗೆ ಐದು ನಟ್ಟೇ ಇರುತ್ತವೆ. ಅದರಲ್ಲಿ ನಾಚಿಕೆ ಏನಿಲ್ಲ.

ಮೊದಲ ಸದಸ್ಯರು: ಸರ್, ನಾಲ್ಕು ದಿನ ಕೂತು ಅಳೆದೆ. ಮುಂದೆ, ಪೂರ್ತಿ ಎತ್ತಿದಾಗ, ಹೊರಗಿನ ಜಾಗ ಎಡಕ್ಕೆ 26 ಮಿಮೀ, ಬಲಕ್ಕೆ 17. ಒಳಗೆ ಎರಡೂ ಕಡೆ 20. ಎಡ ಬಲಕ್ಕೆ 9 ಮಿಮೀ ವ್ಯತ್ಯಾಸ! ಚಾಸಿ ಸೊಟ್ಟ ಇದೆಯಾ ಅಂತ ಹೆದರಿಕೆ.

ಉತ್ತರ: ಒಳಗಿನ ಜಾಗ ಎರಡೂ ಕಡೆ ಸಮ ಇದೆ, ಅಂದರೆ ಸಸ್ಪೆನ್ಶನ್ ಚಾಸಿಯ ಮೇಲೆ ಸರಿಯಾಗೇ ಇದೆ. ಬಾಡಿಯನ್ನು ನಾಲ್ಕೂವರೆ ಮಿಮೀ ಪಕ್ಕಕ್ಕೆ ಕೂರಿಸಿದರೂ ಎಡ ಬಲದ ನಡುವೆ 9 ಮಿಮೀ ಬರುತ್ತದೆ. ಚಾಸಿಯ ಎರಡೂ ಪಕ್ಕದಿಂದ ಮಡ್‌ಗಾರ್ಡಿನ ಅಂಚಿಗೆ ತೂಗುಗುಂಡು ಬಿಟ್ಟು ಖಚಿತ ಮಾಡಿಕೊಳ್ಳಿ. ಬಾಡಿ ಸರಿಸುವ ಸಾಹಸ ಬೇಡ. ಬಲಗಡೆಯ 17 ಮಿಮೀಯನ್ನೇ ನಿಮ್ಮ ಜಾಗ ಅಂತ ಇಟ್ಟುಕೊಳ್ಳಿ.

ಗೆಳೆಯನ ವೀಲು 27.7 ಹೊರಗೆ ಬರುತ್ತಿತ್ತು. ಎಡಕ್ಕೇ ಸಾಲುತ್ತಿರಲಿಲ್ಲ. 8 ಇಂಚಿನದೇ ಇಟಿ 38ರಲ್ಲಿ ಸಿಕ್ಕಿತು ಅನ್ನಿ: ಹೊರಗೆ 9.7, ಒಳಗೆ 15.7. ಒಳಗೆ ಉಳಿಯುವುದು ನಾಲ್ಕು ಮಿಮೀ ಚಿಲ್ಲರೆ. ನನಗೆ ಧೈರ್ಯ ಬರುವುದಿಲ್ಲ, ರಬ್ಬರ್ ಬುಷ್ ತಿರುವಿನಲ್ಲಿ ಅದಕ್ಕಿಂತ ಹೆಚ್ಚು ಅಲುಗಬಹುದು. ಏಳೂವರೆ ಇಂಚು, ಇಟಿ 35 ತಗೊಳ್ಳಿ. ಎರಡೂ ಪಕ್ಕಕ್ಕೆ ಆರೂಕಾಲು ಮಿಮೀ ಚಿಲ್ಲರೆ ಅಷ್ಟೇ. ಟೈರು 225/50. ಟೈರಿನ ಅಗಲ ಈಗಿನದ್ದೇ. ರಿಮ್ಮು ಅರ್ಧ ಇಂಚು ಹಿಗ್ಗಿದಾಗ ಟೈರು ಸುಮಾರು 5 ಮಿಮೀ ಹಿಗ್ಗುತ್ತದೆ, ಪಕ್ಕಕ್ಕೆ ಎರಡೂವರೆ. ಎತ್ತರ 651 ಮಿಮೀಯಿಂದ 657ಕ್ಕೆ ಹೋಗುತ್ತದೆ. ಸ್ಪೀಡೋಮೀಟರ್ ಶೇಕಡಾ ಒಂದರಷ್ಟು ಕಡಿಮೆ ತೋರಿಸುತ್ತದೆ, ತಲೆಕೆಡಿಸಿಕೊಳ್ಳಬೇಡಿ. ಹಿಂದಕ್ಕೂ ಇದೇ ಲೆಕ್ಕ ಹಾಕಿ. ಪಿಸಿಡಿ 120.65 ಅಂತ ಬರೆದಿರುವುದನ್ನೇ ತರಿಸಿ.

ಒಂದು ಮಾತು ಕೇಳಿ, ಆಮೇಲೆ ನಿಮ್ಮಿಷ್ಟ. ನನ್ನ ಕಾರಾಗಿದ್ದರೆ 15ರಲ್ಲೇ ಇರುತ್ತಿದ್ದೆ. ಕೋಬ್ರಾ ಚಂದ ಕಾಣುವುದು ಆ ದಪ್ಪ ಟೈರಿನ ಗೋಡೆಯಿಂದ. ಈಗ ನಿಮ್ಮದು 135 ಮಿಮೀ, 17ಕ್ಕೆ ಹೋದರೆ 112 ಚಿಲ್ಲರೆ. ಇಟಿ 35ರ ವೀಲಿಗೆ ಒಳಗೆ ಗುಳಿ ಬಿದ್ದ ಆ ಹಳೇ ರೇಸ್ ಕಾರಿನ ನೋಟವೂ ಬರುವುದಿಲ್ಲ. 15ರಲ್ಲಿ ಅಗಲದ ಒಳ್ಳೆ ಟೈರು ಸಿಗುವುದು ಕಷ್ಟ, ಅದು ನಿಜವಾದ ಕಾರಣ, ಒಪ್ಪುತ್ತೇನೆ. ಹೊಸ ವೀಲು ಬಂದ ಮೇಲೆ ಟೈರು ಸಮೇತ ಹಳೆಯದನ್ನೂ ಹೊಸದನ್ನೂ ತೂಗಿ ನೋಡಿ. ಹಗುರ ಕಾರಿಗೆ ವೀಲಿನ ತೂಕ ಎದ್ದು ಗೊತ್ತಾಗುತ್ತದೆ.

ಮೊದಲ ಸದಸ್ಯರು: 17ಕ್ಕೇ ಹೋಗುತ್ತೇನೆ ಸರ್, ಟೈರಿಗೋಸ್ಕರ. ಏಳೂವರೆ, ಇಟಿ 35 ಆರ್ಡರ್ ಮಾಡಿದೆ. ಬಂದ ಮೇಲೆ ಸುಮ್ನೆ ಹಾಕಿ ಬಿಗಿ ಮಾಡಿದರೆ ಆಯ್ತಲ್ಲ?

ಉತ್ತರ: ಒಳ್ಳೆಯದು. ಹೊಸ ವೀಲಿನ ತೂತಿನ ಬಾಯಿ ನೋಡಿ ನಟ್ಟು ತಗೊಳ್ಳಿ. ಓರೆಗೆ ಓರೆ, ಗುಂಡುಮೂತಿಗೆ ಗುಂಡುಮೂತಿ, ಚಪ್ಪಟೆ ಬಾಯಿಗೆ ವಾಷರ್ ಇರುವ ನಟ್ಟು. ಕಾರು ಜಾಕಿಯ ಮೇಲಿದ್ದಾಗಲೇ ಐದೂ ನಟ್ಟನ್ನು ಕೈಯಲ್ಲಿ ತಿರುಗಿಸಿ, ಒಂದು ಬಿಟ್ಟು ಒಂದರಂತೆ ಬಿಗಿ ಮಾಡುತ್ತಾ ಬನ್ನಿ. ಕೊನೆಯ ಬಿಗಿತ ವೀಲು ತಯಾರಿಸಿದವರು ಹೇಳಿದ ಅಂಕೆಗೆ, ಟಾರ್ಕ್ ರೆಂಚಿನಲ್ಲಿ. 50–100 ಕಿಲೋಮೀಟರು ಓಡಿಸಿ ಮತ್ತೆ ನೋಡಿ.

ಅದಕ್ಕೂ ಮೊದಲು ಇನ್ನೊಂದು ಕೆಲಸ ಇದೆ. ಮುಂದಿನ ಎಡ ಹಬ್ಬಿನಲ್ಲಿ ಅವತ್ತು ಪಾನಾ ಹಾಕಿ ಎಳೆದಿರಲ್ಲ, ಆ ಎರಡು ಸ್ಟಡ್ಡು. ವೀಲು ತೆಗೆದು, ಬರೀ ಕೈಯಲ್ಲಿ ನಟ್ಟನ್ನು ಬುಡದವರೆಗೂ ತಿರುಗಿಸಿ. ಎಲ್ಲಾದರೂ ಒಂದು ಕಡೆ ಹಿಡಿದುಕೊಂಡರೆ ಅದು ಬಗ್ಗಿದೆ ಅಥವಾ ಮರೆ ಎಳೆದುಕೊಂಡಿದೆ. ಹಾಗಿದ್ದರೆ ಆ ಎರಡನ್ನಲ್ಲ, ಆ ಹಬ್ಬಿನ ಐದನ್ನೂ ಬದಲಾಯಿಸಿ.